ಲಿಬಿಯಾದ ಮರಳು, ಗಂಗಾವತಿಯ ಭತ್ತ

ಪರದೆಯ ಮೇಲೆ ಲಿಬಿಯಾ–4 ತೆರೆದುಕೊಂಡಾಗಿನಿಂದ ಅದರ ಗುಂಗು ಬಿಟ್ಟಿಲ್ಲ. ಮರುಭೂಮಿಯ ಒಂದು ತುಂಡು ಅದು. ಊರಿಲ್ಲ, ರಸ್ತೆಯಿಲ್ಲ; ಎಷ್ಟು ಹಿಗ್ಗಿಸಿ ನೋಡಿದರೂ ಸಾಲುಸಾಲು ಮರಳದಿಬ್ಬ, ದಿಬ್ಬಗಳ ಒಂದು ಮಗ್ಗುಲಿಗೆ ತೆಳುವಾದ ನೆರಳು. ಅಮೆರಿಕದ ಲ್ಯಾಂಡ್‌ಸ್ಯಾಟ್, ಯುರೋಪಿನ ಸೆಂಟಿನೆಲ್–2 ಉಪಗ್ರಹಗಳು ತಮ್ಮ ಅಳತೆ ಸರಿಯಿದೆಯೇ ಎಂದು ತಿಳಿಯಲು ಈ ಮರಳನ್ನೇ ಮತ್ತೆ ಮತ್ತೆ ನೋಡುತ್ತವೆ. ಮಳೆ ಅಪರೂಪ, ಮೋಡ ಕಡಿಮೆ, ಮರಳಿನ ಹೊಳಪು ವರ್ಷಗಟ್ಟಲೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸೂರ್ಯನ ಕೋನದ ಲೆಕ್ಕ ಹಾಕಿದ ಮೇಲೂ ಇಲ್ಲಿ ಹೊಳಪು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದರೆ ಮೊದಲು ಸಂಶಯಪಡಬೇಕಾದ್ದು ಉಪಗ್ರಹದ ಕಣ್ಣನ್ನು.

ನಮ್ಮ ಇಸ್ರೊ ಇದೇ ಕೆಲಸಕ್ಕೆ ಕಛ್‌ನ ರಣ್ ಪ್ರದೇಶದ ಬಯಲನ್ನು ಬಳಸಿದೆ. ಲ್ಯಾಂಡ್‌ಸ್ಯಾಟ್ 8 ತಿಂಗಳಿಗೊಮ್ಮೆ ಚಂದ್ರನ ಕಡೆಗೂ ತಿರುಗುತ್ತದೆ. 2021ರ ನವೆಂಬರ್‌ನಲ್ಲಂತೂ ಲ್ಯಾಂಡ್‌ಸ್ಯಾಟ್ 9 ತನ್ನ ಕಕ್ಷೆಗೆ ಏರುವ ದಾರಿಯಲ್ಲಿ 8ರ ಅಡಿಯಲ್ಲೇ ಕೆಲವು ದಿನ ಹಾರಿತು. ಒಂದೇ ನೆಲ, ಒಂದೇ ಬಿಸಿಲು, ಎರಡು ಕಣ್ಣು! ಅಳತೆಗಳನ್ನು ತಾಳೆ ನೋಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚದು.

ಕಣ್ಣು ಸರಿಯಿದ್ದರೂ ಇನ್ನೊಂದು ತೊಡಕಿದೆ: ಪೈರಿನ ಹಸಿರನ್ನು ಲೆಕ್ಕಹಾಕಲು ಬೇಕಾದ, ನಮ್ಮ ಕಣ್ಣಿಗೆ ಕಾಣದ 'ಅವಗೆಂಪು' ಬೆಳಕು ಎಂದು ಉಪಗ್ರಹಗಳು ಅಳೆಯುವುದು ಒಂದೇ ತರಂಗಪಟ್ಟಿಯನ್ನಲ್ಲ. ಲ್ಯಾಂಡ್‌ಸ್ಯಾಟ್ 7ರ ಪಟ್ಟಿ ಸುಮಾರು 770ರಿಂದ 900 ನ್ಯಾನೊಮೀಟರ್; ಗಾಳಿಯ ನೀರಾವಿ ಬೆಳಕನ್ನು ನುಂಗುವ ಭಾಗವೂ ಅದರೊಳಗೆ ಸೇರಿದೆ. ಲ್ಯಾಂಡ್‌ಸ್ಯಾಟ್ 8ರಲ್ಲಿ ಅದನ್ನು 850–880ಕ್ಕೆ ಕಿರಿದುಗೊಳಿಸಿದರು. ಹೀಗಾಗಿ ಗಂಗಾವತಿಯ ಅದೇ ಭತ್ತದ ಗದ್ದೆ ಹೊಸ ಉಪಗ್ರಹಕ್ಕೆ ತುಸು ಹೆಚ್ಚು ಹಸಿರಾಗಿ ಕಂಡೀತು. ಪೈರು ಮಾತ್ರ ಇದ್ದಷ್ಟೇ ಇರುತ್ತದೆ. 1984ರ ಲ್ಯಾಂಡ್‌ಸ್ಯಾಟ್ 5ರಿಂದ ಇವತ್ತಿನವರೆಗೆ ಗೆರೆ ಎಳೆದು 'ಹಸಿರು ಹೆಚ್ಚಿದೆ' ಎನ್ನುವ ನಕ್ಷೆಗಳ ಕೆಳಗೆ ಯಾವ ಉಪಗ್ರಹ, ಯಾವ ತಿದ್ದುಪಡಿ ಎಂದು ಬರೆದಿರದಿದ್ದರೆ ನಾನಂತೂ ನಂಬುವುದಿಲ್ಲ.

ಲ್ಯಾಂಡ್‌ಸ್ಯಾಟ್, ಸೆಂಟಿನೆಲ್–2 ಚಿತ್ರಗಳ ವಾತಾವರಣದ ಮಬ್ಬು, ನೋಡುವ ಕೋನ, ಪಟ್ಟಿಗಳ ವ್ಯತ್ಯಾಸ ಎಲ್ಲವನ್ನೂ ಸರಿಪಡಿಸಿ, 30 ಮೀಟರ್‌ನ ಒಂದೇ ಚೌಕಟ್ಟಿಗೆ ಕೂರಿಸಿ ನಾಸಾ ಉಚಿತವಾಗಿ ಕೊಡುತ್ತಿದೆ. ಎರಡು–ಮೂರು ದಿನಕ್ಕೊಂದು ನೋಟ ಸಿಗುತ್ತದೆ, ಮೋಡವಿಲ್ಲದಿದ್ದರೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನಾಟಿ ಯಾವಾಗ ಮುಗಿಯಿತು, ರಾಯಚೂರು ಕಡೆಯ ಕೊನೆ ಭಾಗದ ಗದ್ದೆಗಳು ಎಷ್ಟು ದಿನ ತಡವಾಗಿ ಹಸಿರಾದವು ಎಂಬುದನ್ನು ಇದರಲ್ಲಿ ಹುಡುಕಬಹುದು. ಕೊನೆ ಭಾಗಕ್ಕೆ ನೀರು ಬರಲಿಲ್ಲವೆಂಬ ರೈತರ ದೂರನ್ನು ತೂಗಿ ನೋಡಲು ಅಷ್ಟು ಸಣ್ಣ ವ್ಯತ್ಯಾಸವೇ ಬೇಕು. ತಿದ್ದದ ಚಿತ್ರಗಳಲ್ಲಿ ಅದು ಉಪಗ್ರಹಗಳ ವ್ಯತ್ಯಾಸದೊಳಗೇ ಕಳೆದುಹೋಗುತ್ತದೆ.