ಮೋಡೆಮ್ ನೆನಪಿಟ್ಟುಕೊಳ್ಳುವ ಒಂದೇ ವಿಳಾಸ

ಕಂಪ್ಯೂಟರನ್ನು ಕೇಬಲ್ ಮೋಡೆಮ್‌ಗೆ ನೇರವಾಗಿ ಜೋಡಿಸಿದರೆ ಇಂಟರ್ನೆಟ್ ಬರುತ್ತದೆ. ಅದೇ ವೈರನ್ನು ಕಿತ್ತು ಹೊಸ ರೌಟರ್‌ಗೆ ಚುಚ್ಚಿ, ರೌಟರಿನಿಂದ ಕಂಪ್ಯೂಟರಿಗೆ ಇನ್ನೊಂದು ವೈರು ಎಳೆದರೆ ಬರುವುದಿಲ್ಲ. ದೀಪಗಳೆಲ್ಲ ಎಂದಿನಂತೆ ಹಸಿರಾಗಿ ಉರಿಯುತ್ತಿರುತ್ತವೆ. ರೌಟರೇ ಕೆಟ್ಟಿದೆಯೆಂದು ಅದನ್ನು ಅಂಗಡಿಗೆ ಹಿಂತಿರುಗಿಸುವವರೂ ಇದ್ದಾರೆ. ಕೇಬಲ್ ಇಂಟರ್ನೆಟ್ ಮನೆಮಾತಾಗಿರುವ ಅಮೆರಿಕದಲ್ಲಿ ಕಂಪನಿಗೆ ಫೋನ್ ಮಾಡಿದರೆ ಸಿಗುವ ಸಲಹೆ ಒಂದೇ: ಮೋಡೆಮ್ಮಿನ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ. ಹಾಗೆ ಮಾಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಏಕೆ ಸರಿಹೋಯಿತು ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಕಾರಣವನ್ನು ಅರಿತವರು ಮುಂದಿನ ಸಲ ಯಾರಿಗೂ ಫೋನ್ ಮಾಡಬೇಕಿಲ್ಲ.

ಕೇಬಲ್ ಮೋಡೆಮ್‌ಗೆ ಬರುವುದು ಟಿವಿಯ ದಪ್ಪ ಕೇಬಲ್. ಕೇಬಲ್ ಆಫೀಸಿನಿಂದ ಮನೆಮನೆಗೆ ಚಿತ್ರ ಹಂಚಲು ಎಳೆದ ಈ ದಾರಿಯಲ್ಲಿ ಮೊದಲಿಗೆ ಮನೆಯಿಂದ ಏನೂ ಹಿಂದಕ್ಕೆ ಹೋಗಬೇಕಿರಲಿಲ್ಲ. ಅದರಲ್ಲೇ ಇಂಟರ್ನೆಟ್ ಸಾಗಿಸುವ ಪ್ರಯತ್ನಗಳು ನಡೆದಾಗ ಒಂದೊಂದು ಕಂಪನಿಯ ಮೋಡೆಮ್ ಒಂದೊಂದು ಭಾಷೆ ಆಡುತ್ತಿತ್ತು. 1997ರಲ್ಲಿ ಅಮೆರಿಕದ ಕೇಬಲ್‌ಲ್ಯಾಬ್ಸ್ ಸಂಸ್ಥೆ ಡಾಕ್ಸಿಸ್ ಎಂಬ ಸಮಾನ ನಿಯಮಾವಳಿ ಹೊರತಂದ ಮೇಲೆ ಗೊಂದಲ ತೀರಿತು. ಹಳೆಯ ಕಾಲದ ಒಂದು ಟಿವಿ ಚಾನೆಲ್‌ಗೆ ಮೀಸಲಾಗಿದ್ದ 6 ಮೆಗಾಹರ್ಟ್ಸ್ ಜಾಗದಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಇಳಿದುಬರತೊಡಗಿತು. ಈಗಿನ ಮೋಡೆಮ್‌ಗಳು ಅಂಥ ಹತ್ತಾರು ಚಾನೆಲ್‌ಗಳನ್ನು ಒಟ್ಟಿಗೆ ಬಳಸುತ್ತವೆ.

ಈ ಕೇಬಲ್ ಇಡೀ ಬೀದಿಯ ಮನೆಗಳು ಹಂಚಿಕೊಂಡ ಆಸ್ತಿ. ಆದ್ದರಿಂದ ಮೋಡೆಮ್ ಎದ್ದ ಕೂಡಲೇ ಮಾತಾಡುವಂತಿಲ್ಲ, ಮೊದಲು ಕೇಳಬೇಕು. ಆಫೀಸಿನಿಂದ ಬರುವ ಚಾನೆಲ್ ಯಾವುದೆಂದು ಹುಡುಕಿ, ಯಾವ ಆವರ್ತನದಲ್ಲಿ ಉತ್ತರಿಸಬೇಕೆಂದು ಅದರಿಂದಲೇ ತಿಳಿದು, ಆಮೇಲೆ ಮೆಲ್ಲಗೆ ಕೂಗುತ್ತದೆ. ಕೇಳಿಸದಿದ್ದರೆ ದನಿ ಏರಿಸುತ್ತದೆ. ಆಫೀಸಿನ ಯಂತ್ರ ಆ ಕೂಗನ್ನು ಅಳೆದು, ನಿನ್ನ ಮನೆ ಇಷ್ಟು ದೂರದಲ್ಲಿದೆ, ಇಷ್ಟು ಮುಂಚೆ ಹೊರಡಿಸು, ದನಿ ಇಷ್ಟಿರಲಿ ಎಂದು ತಿದ್ದುತ್ತದೆ. ನೂರಾರು ಮೋಡೆಮ್‌ಗಳ ಮಾತು ಒಂದರ ಮೇಲೊಂದು ಬೀಳದಂತೆ ಪ್ರತಿಯೊಂದಕ್ಕೂ ಸರದಿಯ ಸಮಯ ಹಂಚಿಕೆಯಾಗುತ್ತದೆ. ಮೋಡೆಮ್ಮಿನ ದೀಪಗಳು ಒಂದೆರಡು ನಿಮಿಷ ಮಿನುಗುವುದು ಈ ಮಾತುಕತೆಯ ಹೊತ್ತಿನಲ್ಲಿ. ಅಷ್ಟರೊಳಗೆ ತಾಳ್ಮೆಗೆಟ್ಟು ಮತ್ತೆ ಪ್ಲಗ್ ಕಿತ್ತರೆ ಎಲ್ಲ ಮೊದಲಿನಿಂದ ಶುರುವಾಗಬೇಕು.

ಕೊನೆಗೆ ಮೋಡೆಮ್ ಆಫೀಸಿನಿಂದ ಒಂದು ಪುಟ್ಟ ಕಡತ ಇಳಿಸಿಕೊಳ್ಳುತ್ತದೆ. ಈ ಮನೆಗೆ ಎಷ್ಟು ವೇಗ ಕೊಡಬೇಕು, ಮೋಡೆಮ್ಮಿನ ಹಿಂದೆ ಎಷ್ಟು ಯಂತ್ರಗಳಿಗೆ ಅವಕಾಶ ಎನ್ನುವುದು ಅದರಲ್ಲಿರುತ್ತದೆ. ಅನೇಕ ಕಡೆ ಆ ಎರಡನೆಯ ಸಂಖ್ಯೆ ಒಂದೇ. ನೆಟ್‌ವರ್ಕಿಗೆ ಸೇರುವ ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಬರೆದ 48 ಬಿಟ್‌ಗಳ ಒಂದು ಗುರುತು ಇರುತ್ತದೆ. ಅದು ಮ್ಯಾಕ್ ವಿಳಾಸ. ಮೋಡೆಮ್ ತನ್ನ ಹಿಂದೆ ಮೊದಲು ಕಂಡ ಮ್ಯಾಕ್ ವಿಳಾಸವನ್ನು ನೆನಪಿಟ್ಟುಕೊಂಡು ಅದರೊಂದಿಗೆ ಮಾತ್ರ ವ್ಯವಹರಿಸುತ್ತದೆ. ಕಂಪ್ಯೂಟರಿದ್ದ ಜಾಗಕ್ಕೆ ರೌಟರ್ ಬಂದರೂ ಅದರ ಕಣ್ಣಿಗೆ ರೌಟರ್ ಅಪರಿಚಿತವೇ. ಮೋಡೆಮ್ ಮರುಚಾಲನೆಯಾದರೆ ಮಾತ್ರ ಈ ನೆನಪು ಅಳಿಯುತ್ತದೆ. ಪ್ಲಗ್ ಕೀಳುವ ಸಲಹೆಯ ಹಿಂದಿರುವುದು ಇಷ್ಟೇ. ಫೋನ್ ಸೌಲಭ್ಯವೂ ಇರುವ ಕೆಲವು ಮೋಡೆಮ್‌ಗಳ ಹೊಟ್ಟೆಯಲ್ಲಿ ಬ್ಯಾಟರಿ ಇರುತ್ತದೆ. ಅಂಥದ್ದರ ಪ್ಲಗ್ ಕಿತ್ತರೂ ಅದು ಎಚ್ಚರವಾಗಿಯೇ ಇರುವುದರಿಂದ ಬ್ಯಾಟರಿಯನ್ನೂ ತೆಗೆಯಬೇಕು.

ಹಾಗಾಗಿ ಜೋಡಣೆಗೆ ಒಂದು ಕ್ರಮವಿದೆ. ಮೂರೂ ಯಂತ್ರಗಳನ್ನು ಆರಿಸಿ. ಮೋಡೆಮ್ಮಿನ ಈಥರ್ನೆಟ್ ವೈರನ್ನು ರೌಟರಿನ ಹಿಂಬದಿಯಲ್ಲಿ ಬೇರೆ ಬಣ್ಣದಲ್ಲೋ ತುಸು ದೂರದಲ್ಲೋ ಇರುವ, ವ್ಯಾನ್ ಅಥವಾ ಇಂಟರ್ನೆಟ್ ಎಂದು ಬರೆದಿರುವ ಕಿಂಡಿಗೆ ಸೇರಿಸಿ. ಪಕ್ಕದ ನಾಲ್ಕು ಲ್ಯಾನ್ ಕಿಂಡಿಗಳಲ್ಲಿ ಒಂದಕ್ಕೆ ಕಂಪ್ಯೂಟರ್. ಮೋಡೆಮ್ಮಿನ ವೈರು ತಪ್ಪಿ ಲ್ಯಾನ್ ಕಿಂಡಿಗೆ ಹೋದರೆ ರೌಟರ್ ಬರೀ ಸ್ವಿಚ್ಚಾಗಿ ಉಳಿದು, ಮನೆಯ ಯಂತ್ರಗಳೆಲ್ಲ ಮೋಡೆಮ್ಮಿನ ಆ ಒಂದೇ ಜಾಗಕ್ಕಾಗಿ ಪೈಪೋಟಿಗಿಳಿಯುತ್ತವೆ. ಆಮೇಲೆ ಮೊದಲು ಮೋಡೆಮ್ ಹಚ್ಚಿ. ಅದರ ದೀಪಗಳು ನೆಲೆಗೊಂಡ ಮೇಲೆ ರೌಟರ್, ಕೊನೆಗೆ ಕಂಪ್ಯೂಟರ್. ಮೋಡೆಮ್ ಆರಿಸಲಾಗದಿದ್ದರೆ ಇನ್ನೊಂದು ದಾರಿಯೂ ಇದೆ: ಕಂಪ್ಯೂಟರಿನ ಮ್ಯಾಕ್ ವಿಳಾಸವನ್ನೇ ರೌಟರ್ ನಕಲು ಮಾಡಿ ತೋರಿಸುವಂತೆ ಅದರ ಸೆಟ್ಟಿಂಗ್‌ನಲ್ಲಿ ಹೇಳಬಹುದು.

ಮೋಡೆಮ್ ಒಂದೇ ಯಂತ್ರವನ್ನು ಬಲ್ಲುದಾದರೆ ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳೆಲ್ಲ ಹೇಗೆ ಹೊರಗೆ ಹೋಗುತ್ತವೆ? ಇದು ರೌಟರಿನ ಅಸಲಿ ಕೆಲಸ, ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲೇ ಅತ್ಯಂತ ಜಾಣತನದ ಭಾಗ. ಇಂಟರ್ನೆಟ್ಟಿನಲ್ಲಿ ಯಂತ್ರಗಳನ್ನು ಗುರುತಿಸುವ ಹಳೆಯ ಐಪಿ ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಅವು ಸಾಲವೆಂದು 1990ರ ದಶಕದ ಆರಂಭದಲ್ಲೇ ಎಂಜಿನಿಯರುಗಳಿಗೆ ಕಂಡಿತ್ತು. 1994ರಲ್ಲಿ ವಿಳಾಸ ಬದಲಾವಣೆಯ ಉಪಾಯ, ಅಂದರೆ ನ್ಯಾಟ್, ಪ್ರಕಟವಾಯಿತು. 192.168ರಿಂದ ಶುರುವಾಗುವಂಥ ವಿಳಾಸಗಳನ್ನು ಯಾರ ಮನೆಯಲ್ಲಿ ಬೇಕಾದರೂ ಮತ್ತೆ ಮತ್ತೆ ಬಳಸಬಹುದು ಎಂಬ ಏರ್ಪಾಡು 1996ರ ಹೊತ್ತಿಗೆ ಗಟ್ಟಿಯಾಯಿತು. ಹೊರಗೆ ಹೋಗುವ ಪ್ರತಿ ಸಂದೇಶದ ಮೇಲೂ ರೌಟರ್ ತನ್ನ ವಿಳಾಸ ಹಾಕಿ, ಅದಕ್ಕೊಂದು ಪೋರ್ಟ್ ಸಂಖ್ಯೆ ಕೊಟ್ಟು ತನ್ನ ಪಟ್ಟಿಯಲ್ಲಿ ಬರೆದಿಡುತ್ತದೆ. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ನಿನ ಹಾಗೆ, ಮರಳಿ ಬಂದ ಉತ್ತರದ ಮೇಲಿನ ಸಂಖ್ಯೆ ನೋಡಿ ಅದು ಯಾರದ್ದೆಂದು ತಿಳಿಯುತ್ತದೆ.

ಪಟ್ಟಿಯಲ್ಲಿಲ್ಲದ ಸಂಖ್ಯೆ ಹೊತ್ತು ಬಂದದ್ದನ್ನು ರೌಟರ್ ಒಳಗೆ ಬಿಡುವುದಿಲ್ಲ. ಇದರ ಬೆಲೆ 2003ರ ಆಗಸ್ಟ್‌ನಲ್ಲಿ ತಿಳಿಯಿತು. ಬ್ಲಾಸ್ಟರ್ ಎಂಬ ವರ್ಮ್ ವಿಂಡೋಸಿನ ಒಂದು ದೋಷ ಹಿಡಿದು, ಯಾರೂ ಏನನ್ನೂ ಕ್ಲಿಕ್ ಮಾಡದೆಯೇ ಕಂಪ್ಯೂಟರುಗಳಿಗೆ ನುಗ್ಗಿ, ಅವು 60 ಸೆಕೆಂಡಿನಲ್ಲಿ ತಾವಾಗಿಯೇ ಮುಚ್ಚಿಕೊಳ್ಳುವಂತೆ ಮಾಡಿತು. ಮೋಡೆಮ್‌ಗೆ ನೇರ ಜೋಡಿಸಿದ್ದ, ದೋಷ ತಿದ್ದಿಕೊಳ್ಳದ ಯಂತ್ರಗಳು ಅದಕ್ಕೆ ಸುಲಭದ ತುತ್ತು. ರೌಟರಿನ ಹಿಂದಿದ್ದವನ್ನು ಹೊರಗಿನಿಂದ ತಟ್ಟಲು ಅದಕ್ಕೆ ದಾರಿಯಿರಲಿಲ್ಲ. ಮನೆಯಲ್ಲಿರುವುದು ಒಂದೇ ಕಂಪ್ಯೂಟರಾದರೂ ನಡುವೆ ರೌಟರ್ ಇರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಅದರ ಕಾರ್ಖಾನೆಯ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು ಕೂಡ.

ಕರ್ನಾಟಕದ ಬಹುಪಾಲು ಹೊಸ ಸಂಪರ್ಕಗಳಲ್ಲಿ ಈಗ ಮೋಡೆಮ್ಮಿನ ಜಾಗದಲ್ಲಿ ಫೈಬರಿನ ಪೆಟ್ಟಿಗೆ ಕುಳಿತಿದೆ. ಆ ಪೆಟ್ಟಿಗೆಯೊಳಗೂ, ಹೊಸ ಕೇಬಲ್ ಮೋಡೆಮ್‌ಗಳಲ್ಲೂ ರೌಟರ್ ಅಡಗಿರುವುದುಂಟು. ಅದಕ್ಕೆ ನಮ್ಮದೊಂದು ರೌಟರ್ ಸೇರಿಸಿದರೆ ವಿಳಾಸ ಎರಡು ಸಲ ಬದಲಾಗಿ ಆನ್‌ಲೈನ್ ಆಟಗಳು, ಮನೆಯ ಕ್ಯಾಮೆರಾಗಳು ಮುಗ್ಗರಿಸುತ್ತವೆ. ಮೊದಲ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿದರೆ ಅದು ಬರೀ ಮೋಡೆಮ್ಮಾಗಿ ಉಳಿಯುತ್ತದೆ.

ಯಾವುದು ಎಲ್ಲಿ ತಪ್ಪಿದೆಯೆಂದು ತಿಳಿಯಲು ರೌಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ವಿಳಾಸ ನೋಡಿ. ಅದು 192.168.1 ಎಂದೋ 192.168.0 ಎಂದೋ ಶುರುವಾದರೆ ಮುಂದೆ ಇನ್ನೊಂದು ರೌಟರ್ ಇದೆ. 100.64ರಿಂದ 100.127ರೊಳಗಿದ್ದರೆ ಕಂಪನಿಯೇ ತನ್ನ ಕಡೆ ಅನೇಕ ಮನೆಗಳಿಗೆ ಒಂದು ವಿಳಾಸ ಹಂಚುತ್ತಿದೆ. 192.168.100 ಎಂದಿದ್ದರೆ, ಮೋಡೆಮ್ ಇನ್ನೂ ಕೇಬಲ್ ಆಫೀಸನ್ನು ಮುಟ್ಟದೆ ತಾತ್ಕಾಲಿಕ ವಿಳಾಸ ಕೊಟ್ಟಿರುವ ಸಾಧ್ಯತೆ ಹೆಚ್ಚು. ಆಗ ರೌಟರನ್ನು ಬಿಟ್ಟು ಟಿವಿ ಕೇಬಲ್ಲಿನ ಕಡೆ ತಿರುಗಬೇಕು. ತಿರುಪು ಸಡಿಲವಾಗಿರಬಹುದು, ಅಥವಾ ಟಿವಿಗೆಂದು ಹಾಕಿದ ಸ್ಪ್ಲಿಟರ್ ಸಂಕೇತದ ಅರ್ಧದಷ್ಟನ್ನು ಬೇರೆಡೆಗೆ ಕಳಿಸುತ್ತಿರಬಹುದು. ಸ್ಪ್ಲಿಟರ್ ತೆಗೆದು ಕೇಬಲನ್ನು ನೇರ ಮೋಡೆಮ್‌ಗೆ ಬಿಗಿದು ನೋಡಿ.