ಮನೆಗೆ ಬಂದ ಬೆಕ್ಕಿನ ಮರಿ: ಆರೈಕೆಯೂ ಖರ್ಚೂ

ಮಳೆ ಹಿಡಿದ ಸಂಜೆ. ಮದ್ರಸದಿಂದ ಮರಳಿದ ಮಗಳು ನೆನೆದ ಶಾಲಿನೊಳಗಿಂದ ಅಂಗೈಯಷ್ಟು ಗಾತ್ರದ ಮರಿಯೊಂದನ್ನು ಹೊರತೆಗೆದು, "ಉಮ್ಮಾ, ಇದಕ್ಕೆ ತಾಯಿ ಇಲ್ಲ, ನಾವೇ ಸಾಕೋಣ" ಎನ್ನುತ್ತಾಳೆ. ನೀವು ಬೇಡವೆನ್ನಲು ಬಾಯಿ ತೆರೆಯುವ ಮೊದಲೇ ಅವಳ ತಮ್ಮ ಬಟ್ಟಲಿಗೆ ಹಾಲು ಸುರಿದಾಗಿರುತ್ತದೆ. ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಬೆಕ್ಕು ಬರುವುದು ಹೀಗೆಯೇ. ಯೋಜನೆ ಹಾಕಿ ತರುವವರು ಕಡಿಮೆ.

ಆ ಹಾಲಿನ ಬಟ್ಟಲಿನಿಂದಲೇ ಆರಂಭಿಸೋಣ. ಬೆಕ್ಕಿಗೆ ಹಾಲೆಂದರೆ ಆಸೆ ಎಂಬುದು ನಿಜ. ಆದರೆ ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಹೆಚ್ಚಿನ ಮರಿಗಳಿಗೆ ಜೀರ್ಣವಾಗುವುದಿಲ್ಲ, ಬೇಧಿಯಾಗುತ್ತದೆ. ಅರ್ಧ ಕಿಲೋ ಕೂಡ ತೂಗದ ಜೀವಕ್ಕೆ ಒಂದೆರಡು ದಿನದ ಬೇಧಿಯೇ ಸಾಕು. ನಮ್ಮ ಮನೆಯಲ್ಲಿ ಮೊದಲು ಸಾಕಿದ ಮರಿ ಹೋದದ್ದು ಹಾಗೆಯೇ. ಪ್ರೀತಿಯಿಂದ ದಿನಕ್ಕೆ ಮೂರು ಸಲ ಹಾಲು ಕುಡಿಸಿದ್ದೆವು, ನಾಲ್ಕನೆಯ ದಿನ ಅದು ಏಳಲಿಲ್ಲ. ಆಗ ನಮಗೆ ಹೇಳುವವರು ಯಾರೂ ಇರಲಿಲ್ಲ, ನಿಮಗೆ ಈಗಲೇ ಹೇಳುತ್ತಿದ್ದೇನೆ.

ಮರಿಯನ್ನು ಒಳಗೆ ತರುವ ಮೊದಲು ಅದು ನಿಜಕ್ಕೂ ತಬ್ಬಲಿಯೇ ಎಂದು ನೋಡಿ. ತಾಯಿಬೆಕ್ಕು ಆಹಾರ ಹುಡುಕಿ ಗಂಟೆಗಟ್ಟಲೆ ಹೊರಗಿರುವುದುಂಟು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಮಳೆ ಬೀಳದ, ನಾಯಿ ಬಾರದ ಜಾಗದಲ್ಲಿ ಮರಿಯನ್ನಿಟ್ಟು ದೂರದಿಂದ ಕೆಲವು ಗಂಟೆ ಗಮನಿಸಿ. ತಾಯಿ ಬಂದರೆ ಅದರಷ್ಟು ಚೆನ್ನಾಗಿ, ಖರ್ಚಿಲ್ಲದೆ ನೋಡಿಕೊಳ್ಳುವವರು ಬೇರಿಲ್ಲ. ಮರಿಯನ್ನು ತಾಯಿಯಿಂದ ಬೇರ್ಪಡಿಸಲು ಕನಿಷ್ಠ 8 ವಾರ ತುಂಬಿರಬೇಕು.

ತಾಯಿ ಬರಲೇ ಇಲ್ಲವೆಂದಾದರೆ ಮರಿಯ ವಯಸ್ಸು ಅಂದಾಜಿಸಿ. ಕಣ್ಣು ತೆರೆಯುವುದು ಹುಟ್ಟಿದ 7ರಿಂದ 14 ದಿನದೊಳಗೆ. ಮುಂಭಾಗದ ಪುಟ್ಟ ಹಲ್ಲುಗಳು ಕಾಣಿಸತೊಡಗಿದರೆ ಮೂರು ವಾರ ದಾಟಿದೆ ಎಂದರ್ಥ. ಹಲ್ಲಿಲ್ಲದ ಮರಿಗೆ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಮರಿಗಳ ಹಾಲಿನ ಪುಡಿಯೇ ಬೇಕು, ಅದನ್ನು ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎದ್ದು ಕೊಡಬೇಕು. ಹೊಟ್ಟೆ ಕೆಳಗಾಗಿ ಕೂರಿಸಿ ಕುಡಿಸಿ. ನಮ್ಮ ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ತಣ್ಣಗಾದ ಮರಿಗೆ ಮೊದಲು ಬಿಸಿ, ಆಮೇಲೆ ಹಾಲು. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ. ಇಷ್ಟು ಚಿಕ್ಕ ಮರಿಗೆ ಮಲಮೂತ್ರ ಮಾಡಲೂ ತಿಳಿಯದು. ಪ್ರತಿ ಬಾರಿ ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಆ ಜಾಗವನ್ನು ಮೆಲ್ಲನೆ ಒರೆಸಬೇಕು, ತಾಯಿ ನೆಕ್ಕುವುದು ಅದಕ್ಕೇ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ (ಕೆಳಗೆ ಬಟ್ಟೆ ಹಾಸಿ, ಆಮೇಲೆ ತಕ್ಕಡಿ ತೊಳೆಯಿರಿ). ಆರೋಗ್ಯವಂತ ಮರಿ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಸುಮಾರು ಅರ್ಧ ಕಿಲೋ ಏರುತ್ತದೆ. ತೂಕ ನಿಂತರೆ ತೊಂದರೆ ಆರಂಭವಾಗಿದೆ.

ಬಟ್ಟಲಿಗೆ ಏನು ಹಾಕಬೇಕು?

ಬೆಕ್ಕು ಮಾಂಸಾಹಾರಿ ಜೀವಿ. ನಾಯಿಯಂತೆ ಅನ್ನ ತಿಂದು ಬದುಕಲಾರದು. ಅದಕ್ಕೆ ಬೇಕಾದ ಟಾರಿನ್ ಎಂಬ ಅಂಶ ಮಾಂಸ, ಮೀನುಗಳಲ್ಲಿ ಮಾತ್ರ ಸಾಕಷ್ಟು ಸಿಗುತ್ತದೆ. ಹಾಲು ಅನ್ನದ ಮೇಲೆಯೇ ಬೆಳೆದ ಬೆಕ್ಕಿಗೆ ಕಾಲಕ್ರಮೇಣ ಕಣ್ಣೂ ಹೃದಯವೂ ಕೆಡುತ್ತವೆ. ಹಾಗೆಂದು ಊಟದ ತಟ್ಟೆಯಲ್ಲಿ ಉಳಿದ ಬಿರಿಯಾನಿಯನ್ನು ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ನಮ್ಮ ಸಾರಿನಲ್ಲಿ ಅವೆರಡೂ ಇಲ್ಲದ ದಿನವಿಲ್ಲ. ಬೇಯಿಸಿದ ಕೋಳಿಮೂಳೆ ಸೂಜಿಯಂತೆ ಸೀಳುತ್ತದೆ. ಉಪ್ಪು, ಮಸಾಲೆ ಹಾಕುವ ಮೊದಲೇ ಬೇಯಿಸಿದ ಕೋಳಿಮಾಂಸದ ನಾಲ್ಕು ತುಂಡು ತೆಗೆದಿಟ್ಟರೆ ಪ್ರತ್ಯೇಕ ಅಡುಗೆ ಬೇಕಿಲ್ಲ. ಬೂತಾಯಿಯಾದರೆ ಬೇಯಿಸಿ, ಮುಳ್ಳು ಬಿಡಿಸಿ ಕೊಡಿ. ಹಸಿ ಮೀನನ್ನೇ ದಿನವೂ ಕೊಟ್ಟರೆ ಥಯಾಮಿನ್ ಕೊರತೆ ಉಂಟಾಗಬಹುದು. ಈಲಿ ವಾರಕ್ಕೆ ಒಂದೆರಡು ಸಲ, ಚಿಕ್ಕ ತುಂಡು.

ಬರೀ ಮಾಂಸದಲ್ಲಿ ಸುಣ್ಣದ ಅಂಶ ಸಾಲದು, ಬೆಳೆಯುವ ಮರಿಯ ಮೂಳೆ ಮೆತ್ತಗಾಗುತ್ತದೆ. ಹಾಗಾಗಿ ಒಂದು ವರ್ಷ ತುಂಬುವವರೆಗೆ ಕನಿಷ್ಠ ಅರ್ಧದಷ್ಟಾದರೂ ಮರಿಗಳಿಗೆಂದೇ ತಯಾರಾದ ಆಹಾರವಿರಲಿ ಎಂಬುದು ನನ್ನ ಸಲಹೆ. ನೀರಿನ ಬಟ್ಟಲು ಸದಾ ತುಂಬಿರಲಿ.

ಹುಳ, ಲಸಿಕೆ, ಔಷಧ

ತಾಯಿಯ ಹಾಲಿನಿಂದಲೇ ಮರಿಗೆ ಜಂತುಹುಳ ಬರುತ್ತದೆ. ಮೈ ಬಡಕಲಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಅದೇ ಕಾರಣವಿರಬಹುದು. ಎರಡು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ತೂಕಕ್ಕೆ ತಕ್ಕಷ್ಟು ಹುಳದ ಔಷಧ ಕೊಡಿಸಬೇಕು. 6ರಿಂದ 8 ವಾರಕ್ಕೆ ಮೊದಲ ಟ್ರೈಕ್ಯಾಟ್ ಲಸಿಕೆ, ಮೂರು ನಾಲ್ಕು ವಾರಗಳ ಅಂತರದಲ್ಲಿ 16 ವಾರದವರೆಗೆ ಮುಂದಿನವು. ಇದು ಮರಿಗಳನ್ನು ಒಂದೆರಡು ದಿನದಲ್ಲೇ ಕೊಲ್ಲುವ ವಾಂತಿಬೇಧಿಯ ವೈರಸ್‌ನಿಂದ ಕಾಪಾಡುತ್ತದೆ. ಆ ವೈರಸ್ ಮನೆಯ ನೆಲದಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಹಾಗೆ ಮರಿ ಸತ್ತ ಮನೆಗೆ ಲಸಿಕೆಯಾಗದ ಇನ್ನೊಂದು ಮರಿಯನ್ನು ಕೂಡಲೇ ತರಬಾರದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಬಳಿಕ ವರ್ಷಕ್ಕೊಮ್ಮೆ.

ಮನೆಯ ಔಷಧದ ಡಬ್ಬಿಯಿಂದ ಬೆಕ್ಕಿಗೆ ಏನನ್ನೂ ಕೊಡಬೇಡಿ. ನಮ್ಮ ಜ್ವರದ ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆಂದು ಮಾರುವ ಚಿಗಟದ ಔಷಧಗಳಲ್ಲಿರುವ ಪರ್ಮೆತ್ರಿನ್ ಕೂಡ ಹಾಗೆಯೇ. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗುವ ಮೊದಲು ಬೆಕ್ಕು ಓಡಾಡಿ ಪಾದ ನೆಕ್ಕಿದರೂ ಅಪಾಯ. ಸೋಪಿನ ನೀರು ಸಾಕು, ಅಗತ್ಯ ಬಿದ್ದಾಗ ತೆಳುವಾದ ಬ್ಲೀಚಿಂಗ್ ದ್ರಾವಣದಿಂದ ಒರೆಸಿ, ನೀರಿನಿಂದ ತೊಳೆದು ಒಣಗಿಸಿ. ಮರಿ 24 ಗಂಟೆ ಏನೂ ತಿನ್ನದಿದ್ದರೆ, ಗಂಡು ಬೆಕ್ಕು ಮೂತ್ರ ಬಾರದೆ ತಿಣುಕುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ಶುದ್ಧಿ ಮತ್ತು ಶುಚಿತ್ವ

ಬೆಕ್ಕು ಬಾಯಿ ಹಾಕಿದ ನೀರಲ್ಲಿ ವುಝೂ ಮಾಡಬಹುದೇ ಎಂದು ಮನೆಯ ಹಿರಿಯರು ಕೇಳಿಯೇ ಕೇಳುತ್ತಾರೆ. ಅಬೂ ಖತಾದ(ರ) ವುಝೂವಿನ ಪಾತ್ರೆಯನ್ನೇ ವಾಲಿಸಿ ಬೆಕ್ಕಿಗೆ ನೀರು ಕುಡಿಸಿದ್ದೂ, ಅಚ್ಚರಿಪಟ್ಟು ನೋಡಿದ ತಮ್ಮ ಸೊಸೆಗೆ ಬೆಕ್ಕು ನಜಸ್ ಅಲ್ಲವೆಂದು ಪ್ರವಾದಿ(ಸ) ತಿಳಿಸಿದ್ದನ್ನು ಹೇಳಿದ್ದೂ ಅಬೂದಾವೂದ್ ಮತ್ತು ತಿರ್ಮಿದಿಯ ಹದೀಸ್‌ಗಳಲ್ಲಿದೆ. ಉದುರಿದ ಕೂದಲಿನ ವಿಷಯದಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಶಾಫಿಈ ಮದ್‌ಹಬ್‌ನಲ್ಲಿ ಅಲ್ಪಸ್ವಲ್ಪ ಕೂದಲಿಗೆ ವಿನಾಯಿತಿಯಿದ್ದರೂ ಮುಸಲ್ಲಾವನ್ನು ಮಡಚಿ ಕಪಾಟಿನೊಳಗಿಡುವುದೇ ಸುಲಭ. ಹೆಚ್ಚಿನ ವಿವರವನ್ನು ನಿಮ್ಮ ಉಸ್ತಾದರಲ್ಲಿ ಕೇಳಿ. ಬೆಕ್ಕಿನ ಮಲಮೂತ್ರ ಮಾತ್ರ ನಜಸ್ಸೇ. ಆರೋಗ್ಯದ ದೃಷ್ಟಿಯಲ್ಲಿಯೂ ಮುಖ್ಯವಾದದ್ದು ಅದೇ.

ಒಂದು ಅಗಲ ಪ್ಲಾಸ್ಟಿಕ್ ತಟ್ಟೆಗೆ ಮೂರು ನಾಲ್ಕು ಬೆರಳು ದಪ್ಪ ಮರಳು ಹಾಕಿ, ಊಟದ ಬಟ್ಟಲಿನಿಂದ ದೂರ, ಮೂಲೆಯಲ್ಲಿಡಿ. ಊಟವಾದ ಕೂಡಲೇ ಮರಿಯನ್ನು ಅದರಲ್ಲಿ ಬಿಡಿ. ಮಣ್ಣು ಕೆದರುವುದು ಹುಟ್ಟುಗುಣ, ಕೆಲವೇ ದಿನಗಳಲ್ಲಿ ತಾನೇ ಹೋಗತೊಡಗುತ್ತದೆ. ತಟ್ಟೆಯನ್ನು ದಿನಾ ಶುಚಿ ಮಾಡಲೇಬೇಕು, ಇದಕ್ಕೆ ಕಾರಣವಿದೆ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಹೊರಬರುವ ಅಂಶ ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ದಿನವೂ ತೆಗೆದರೆ ಅದಕ್ಕೆ ಸಮಯವೇ ಸಿಗದು. ಗರ್ಭಿಣಿಗೆ ಮೊದಲ ಬಾರಿಗೆ ಈ ಸೋಂಕು ತಗುಲಿದರೆ ಹೊಟ್ಟೆಯ ಮಗುವಿಗೆ ಹಾನಿಯಾಗಬಹುದು. ಆದ್ದರಿಂದ ಮನೆಯಲ್ಲಿ ಸೊಸೆಯೋ ಮಗಳೋ ಗರ್ಭಿಣಿಯಾಗಿದ್ದರೆ ಆ ಕೆಲಸ ಗಂಡಸರದ್ದು. ಹೆದರಿ ಬೆಕ್ಕನ್ನು ಮೀನು ಮಾರುಕಟ್ಟೆಗೆ ಬಿಟ್ಟುಬರುವ ಅಗತ್ಯವಿಲ್ಲ. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣಿನಿಂದಲೂ ಇದೇ ಸೋಂಕು ಬರುತ್ತದೆ, ಅತ್ತ ನಮ್ಮ ಗಮನವೇ ಹೋಗುವುದಿಲ್ಲ. ಬಕ್ರೀದ್‌ನ ದಿನ ಬೆಕ್ಕಿಗೂ ಪಾಲು ಕೊಡುವುದಾದರೆ ಬೇಯಿಸಿಯೇ ಕೊಡಿ.

ಮಕ್ಕಳ ಕೆನ್ನೆ, ತೋಳುಗಳಲ್ಲಿ ಉಂಗುರದಂತಹ ತುರಿಕೆ ಕಂಡರೆ ಮರಿಯ ಕಿವಿ, ಮೂತಿಯ ಸುತ್ತ ಕೂದಲು ಉದುರಿದೆಯೇ ನೋಡಿ. ಇದು ಹುಳಕಡ್ಡಿ. ಮಗುವಿಗೂ ಮರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಮೆಡಿಕಲ್‌ನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲು ತುರಿಕೆ ತಗ್ಗಿಸಿ ಆಮೇಲೆ ರೋಗವನ್ನು ಹರಡುತ್ತದೆ.

ಮರಿ ಕಚ್ಚಿದರೆ, ಪರಚಿ ರಕ್ತ ಬಂದರೆ ಅದು ಚಿಕ್ಕದೆಂದು ಬಿಡಬೇಡಿ. ಬೀದಿಯಿಂದ ಬಂದ ಮರಿಯ ಹಿನ್ನೆಲೆ ನಮಗೆ ತಿಳಿದಿರುವುದಿಲ್ಲ, ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ರೋಗಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ಮದ್ದಿಲ್ಲ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ಹೇಳಿದ ದಿನಗಳಲ್ಲಿ ತಪ್ಪದೆ ಪೂರ್ಣಗೊಳಿಸಿ. ಮಕ್ಕಳು ಬೈಗುಳಕ್ಕೆ ಹೆದರಿ ಗೀರನ್ನು ಮುಚ್ಚಿಡುತ್ತಾರೆ. ಮರಿ ಬಂದ ದಿನವೇ, "ಪರಚಿದರೆ ಹೇಳು, ನಾನು ಬೈಯುವುದಿಲ್ಲ" ಎಂದು ಹೇಳಿಡಿ.

ಬಿಟ್ಟಿ ಬಂದ ಮರಿಯ ಲೆಕ್ಕ

ಬೆಲೆಗಳು ಊರಿಂದ ಊರಿಗೆ ಬೇರೆ, ಇಲ್ಲಿರುವುದು ಅಂದಾಜು. ಬೆಳೆದ ಬೆಕ್ಕು ದಿನಕ್ಕೆ 50ರಿಂದ 60 ಗ್ರಾಂ ಒಣ ಆಹಾರ ತಿನ್ನುತ್ತದೆ, ತಿಂಗಳಿಗೆ ಒಂದೂಮುಕ್ಕಾಲು ಕಿಲೋದಷ್ಟು. ಕಿಲೋಗೆ 400 ರೂಪಾಯಿಯ ಲೆಕ್ಕದಲ್ಲಿ 700 ರೂಪಾಯಿ. ಅಂಗಡಿಯಿಂದ ತರುವ ಲಿಟ್ಟರ್‌ಗೆ ಇನ್ನೊಂದು 300, 400. ಅಂದರೆ ತಿಂಗಳಿಗೆ ಸಾವಿರದ ಹತ್ತಿರ. ಮೊದಲ ವರ್ಷದ ಲಸಿಕೆ, ಹುಳದ ಔಷಧ, ವೈದ್ಯರ ಶುಲ್ಕಕ್ಕೆ ಖಾಸಗಿ ಕ್ಲಿನಿಕ್‌ನಲ್ಲಿ ಎರಡು ಮೂರು ಸಾವಿರ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮತ್ತೆ ಕೆಲವು ಸಾವಿರ. ಎಲ್ಲ ಕೂಡಿದರೆ ವರ್ಷಕ್ಕೆ 18ರಿಂದ 20 ಸಾವಿರ. ತಿಂಗಳ ಸಂಬಳದಲ್ಲಿ ಮಕ್ಕಳ ಫೀಸು, ಬಾಡಿಗೆ ತೆಗೆದಿಡುವವರಿಗೆ ಇದು ಸಣ್ಣ ಮೊತ್ತವಲ್ಲ.

ತಗ್ಗಿಸುವ ದಾರಿಗಳಿವೆ. ಲಿಟ್ಟರ್ ಬದಲು ಜರಡಿ ಹಿಡಿದ ಮರಳು, ಬಡಗಿಯ ಅಂಗಡಿಯ ಮರದ ಹುಡಿ, ಚೂರು ಮಾಡಿದ ಹಳೆಯ ಪತ್ರಿಕೆ ನಡೆಯುತ್ತದೆ. ಚಿಕನ್ ಅಂಗಡಿಯವರಲ್ಲಿ ಹೇಳಿಟ್ಟರೆ ಹೃದಯ, ಜಠರದಂತಹ ಭಾಗಗಳು ಕಡಿಮೆ ಬೆಲೆಗೆ ಸಿಗುತ್ತವೆ. ಮೊದಲು ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ಅದು ದನಕರುಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಅನೇಕರಲ್ಲಿದೆ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನವರಿಗೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಿದೆ. ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನ ಮತ್ತು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಹಲವೆಡೆ ಉಚಿತ ರೇಬೀಸ್ ಲಸಿಕೆ ಶಿಬಿರ ನಡೆಯುತ್ತದೆ. ಪರ್ಶಿಯನ್ ಮರಿಗೆ ಹತ್ತು ಸಾವಿರ ಕೊಟ್ಟು ತರುವ ಷೋಕಿಯ ಬಗ್ಗೆ ನನಗೆ ಒಲವಿಲ್ಲ. ಅದರ ಕೂದಲನ್ನು ದಿನಾ ಬಾಚಬೇಕು, ಕರಾವಳಿಯ ಸೆಕೆಯೂ ಅದಕ್ಕೆ ಒಗ್ಗದು.

ಲಸಿಕೆಯಲ್ಲಿ ಮಾತ್ರ ಉಳಿತಾಯ ಬೇಡ. ಸಂತಾನಹರಣದಲ್ಲಿಯೂ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭಾವಧಿ ಬರೀ ಒಂಬತ್ತು ವಾರ. ವರ್ಷ ತಿರುಗುವುದರೊಳಗೆ ಒಂದಿದ್ದದ್ದು ಆರಾಗಿ, ಗೋಣಿಚೀಲದಲ್ಲಿ ಕಟ್ಟಿ ದೂರ ಬಿಟ್ಟುಬರುವ ಪಾಪಕ್ಕೆ ಇಳಿಯಬೇಕಾಗುತ್ತದೆ. ಪ್ರಾಣಿಗಳ ಸಂತಾನಹರಣದ ಬಗ್ಗೆ ವಿದ್ವಾಂಸರಲ್ಲಿ ಭಿನ್ನ ಅಭಿಪ್ರಾಯಗಳಿರುವುದರಿಂದ ನಿಮ್ಮ ಖತೀಬರನ್ನು ವಿಚಾರಿಸಿ. ಮಾಡಿಸುವುದಿಲ್ಲವೆಂದಾದರೆ ಬೆದೆಯ ದಿನಗಳಲ್ಲಿ ಹೆಣ್ಣನ್ನು ಮನೆಯೊಳಗೇ ಇಡುವ ಜವಾಬ್ದಾರಿ ನಿಮ್ಮದು.

ಕೊನೆಯದಾಗಿ ಊರಿಗೆ ಹೋಗುವ ವಿಷಯ. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಹೊರಗೆ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಣ್ಣಿಗಾದ ಶಿಕ್ಷೆಯ ಹದೀಸನ್ನು ನಮ್ಮ ಮಕ್ಕಳೂ ಕೇಳಿದ್ದಾರೆ. ಆದರೆ ಮದುವೆಗೆಂದು ಮೂರು ದಿನ, ಉಮ್ರಾಕ್ಕೆಂದು ಹದಿನೈದು ದಿನ ಹೊರಡುವಾಗ ಬಟ್ಟಲು ತುಂಬಾ ಆಹಾರ ಸುರಿದು ಬೀಗ ಹಾಕುವ ಮನೆಗಳಿವೆ. ಮಳೆಗಾಲದಲ್ಲಿ ಅದು ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಇರುವೆ ಮುತ್ತುತ್ತದೆ, ನೀರಿನ ಬಟ್ಟಲು ಮಗುಚಿದರೆ ಕೇಳುವವರಿಲ್ಲ. ಪಕ್ಕದ ಮನೆಯವರಲ್ಲಿ ಕೀಲಿ ಕೊಟ್ಟು ಹೋಗಿ. ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು ಎಂದು ಚೀಟಿಯಲ್ಲಿ ಬರೆದು, ಕೆಳಗೆ ಪಶುವೈದ್ಯರ ಫೋನ್ ನಂಬರ್ ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.