ಕಣ್ಣೀರು ಮತ್ತು ಫಲ: ಅಪರಾಧಿಯ ಪಶ್ಚಾತ್ತಾಪವನ್ನು ಕುರಿತು ಫೊರೆನ್ಸಿಕ್ ಮನಶ್ಶಾಸ್ತ್ರ ಸಭೆಗೆ ಹೇಳುವುದೇನು?

ಸೆರೆಮನೆಯಿಂದ ಬಿಡುಗಡೆಯಾದ ಒಬ್ಬ ಮನುಷ್ಯನು ಭಾನುವಾರದ ಆರಾಧನೆಯ ನಂತರ ಸಭಾಪಾಲಕರನ್ನು ಕಂಡು, ತಾನು ಒಂದು ಮಗುವಿನ ವಿಷಯದಲ್ಲಿ ಎಸಗಿದ ಅಪರಾಧವನ್ನೂ ಅನುಭವಿಸಿದ ಶಿಕ್ಷೆಯನ್ನೂ ಕಣ್ಣೀರಿನಿಂದ ಅರಿಕೆಮಾಡಿ, ಸಭೆಯಲ್ಲಿ ತನಗೂ ಒಂದು ಸ್ಥಳವಿದೆಯೇ ಎಂದು ಕೇಳುತ್ತಾನೆ ಎಂದಿಟ್ಟುಕೊಳ್ಳೋಣ. ಪಾಲಕರ ಮುಂದೆ ಎರಡು ಸುಲಭವಾದ ದಾರಿಗಳಿವೆ. ಕಣ್ಣೀರನ್ನು ನಂಬಿ, ಕೃಪೆಯ ಹೆಸರಿನಲ್ಲಿ ಅವನನ್ನು ಯಾವ ನಿರ್ಬಂಧವೂ ಇಲ್ಲದೆ ಸೇರಿಸಿಕೊಳ್ಳುವುದು ಒಂದು. ಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಬಾಗಿಲನ್ನು ಮುಚ್ಚುವುದು ಮತ್ತೊಂದು. ಮೊದಲನೆಯದು ಕರುಣೆಯಂತೆಯೂ ಎರಡನೆಯದು ವಿವೇಕದಂತೆಯೂ ತೋರುತ್ತದೆ. ಆದರೆ ಕಳೆದ ಅರ್ಧ ಶತಮಾನದಲ್ಲಿ ಅಪರಾಧಿಗಳ ನಡುವೆ ನಡೆದ ಮನಶ್ಶಾಸ್ತ್ರದ ಸಂಶೋಧನೆಯನ್ನು ಓದಿದರೆ, ಈ ಎರಡು ದಾರಿಗಳೂ ಮಕ್ಕಳನ್ನು ಅಪಾಯಕ್ಕೆ ಒಡ್ಡಬಲ್ಲವು ಎಂಬುದು ತಿಳಿಯುತ್ತದೆ. ಮೂರನೆಯ ದಾರಿಯೊಂದಿದೆ, ಅದನ್ನು ಮೊದಲು ತೆರೆದವರಲ್ಲಿ ಒಬ್ಬರು ಸಭಾಪಾಲಕರೇ ಆಗಿದ್ದರು ಎಂಬುದು ನಮಗೆ ವಿಶೇಷವಾಗಿ ಮನನೀಯವಾದ ಸಂಗತಿ.

ನಿರಾಶೆಯ ಕಾಲ ಮತ್ತು ಅದರ ನಂತರ

ಫೊರೆನ್ಸಿಕ್ ಮನಶ್ಶಾಸ್ತ್ರವೆಂದರೆ ನ್ಯಾಯಾಲಯ, ಸೆರೆಮನೆ ಮತ್ತು ಅಪರಾಧಿಗಳ ಪುನರ್ವಸತಿಗೆ ಸಂಬಂಧಿಸಿದ ಮನಶ್ಶಾಸ್ತ್ರದ ಶಾಖೆ. ಅಪರಾಧಿಗಳ ವಿಷಯದಲ್ಲಿ ಅದು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತದೆ: ಇವನು ಮತ್ತೆ ಅಪರಾಧ ಮಾಡುವ ಸಂಭವ ಎಷ್ಟು? ಆ ಸಂಭವವನ್ನು ಕಡಿಮೆಮಾಡುವುದು ಹೇಗೆ?

1974ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್‌ಸನ್ ಸೆರೆಮನೆಗಳ ಸುಧಾರಣಾ ಕಾರ್ಯಕ್ರಮಗಳ ಮೇಲಿನ ಅಧ್ಯಯನಗಳನ್ನು ವಿಮರ್ಶಿಸಿ ಬರೆದ ಲೇಖನವು, ಯಾವ ಕಾರ್ಯಕ್ರಮವೂ ಫಲಿಸುವುದಿಲ್ಲ ಎಂಬ ಅಭಿಪ್ರಾಯವನ್ನು ಎಲ್ಲೆಡೆ ಹರಡಿತು. 1979ರಲ್ಲಿ ಅವರೇ ತಮ್ಮ ಮಾತನ್ನು ಬಹುಮಟ್ಟಿಗೆ ಹಿಂತೆಗೆದುಕೊಂಡರೂ ಅಷ್ಟರೊಳಗೆ ನಿರಾಶೆಯು ಬೇರೂರಿತ್ತು. ಮನುಷ್ಯನು ಬದಲಾಗುವುದಿಲ್ಲವೆಂದರೆ ಅವನನ್ನು ಕೂಡಿಹಾಕುವುದೊಂದೇ ಉಪಾಯವೆಂದು ಅನೇಕರು ತೀರ್ಮಾನಿಸಿದರು.

ಈ ನಿರಾಶೆಗೆ ಸಮರ್ಥವಾದ ಉತ್ತರವು ಕೆನಡಾದಿಂದ ಬಂತು. ಡಾನ್ ಆಂಡ್ರ್ಯೂಸ್, ಜೇಮ್ಸ್ ಬೊಂಟಾ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಮೂರು ತತ್ತ್ವಗಳನ್ನು ಮಂಡಿಸಿದರು. ಮೊದಲನೆಯದು ಅಪಾಯದ ತತ್ತ್ವ: ಹೆಚ್ಚಿನ ಅಪಾಯವಿರುವವರಿಗೆ ಹೆಚ್ಚಿನ ಆರೈಕೆ ಕೊಡಬೇಕು, ಅಪಾಯ ಕಡಿಮೆಯಿರುವವರನ್ನು ತೀವ್ರವಾದ ಕಾರ್ಯಕ್ರಮಗಳಿಗೆ ಒಳಪಡಿಸಿದರೆ ಅವರು ಕೆಡುವ ಸಂಭವವೂ ಉಂಟು. ಎರಡನೆಯದು ಅಗತ್ಯದ ತತ್ತ್ವ: ಅಪರಾಧಕ್ಕೆ ನೇರವಾಗಿ ಎಡೆಮಾಡುವ ಅಂಶಗಳ ಮೇಲೆ, ಅಂದರೆ ಅಪರಾಧವನ್ನು ಸಮರ್ಥಿಸುವ ಆಲೋಚನೆ, ಕೆಟ್ಟ ಸಹವಾಸ, ಮದ್ಯ ಮತ್ತು ಮಾದಕ ವಸ್ತುಗಳ ಚಟ, ಮುರಿದ ಕುಟುಂಬ ಸಂಬಂಧ, ನಿರುದ್ಯೋಗ ಮುಂತಾದವುಗಳ ಮೇಲೆ ಕೆಲಸಮಾಡಬೇಕು. ಮೂರನೆಯದು ಸ್ಪಂದನೆಯ ತತ್ತ್ವ: ಕಲಿಸುವ ರೀತಿಯು ಕಲಿಯುವವನ ಶಕ್ತಿಗೂ ಸ್ವಭಾವಕ್ಕೂ ಹೊಂದಬೇಕು. ಈ ತತ್ತ್ವಗಳನ್ನು ಅನುಸರಿಸಿದ ಕಾರ್ಯಕ್ರಮಗಳು ಮರುಅಪರಾಧವನ್ನು ಗಮನಾರ್ಹವಾಗಿ ತಗ್ಗಿಸುತ್ತವೆಂದು ಮುಂದಿನ ಸಂಶೋಧನೆಗಳು ತೋರಿಸಿದವು.

ಇಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಯು ಒಂದು ಭೇದವನ್ನು ಗುರುತಿಸಬೇಕು. ‘ಅಪಾಯ’ ಎಂಬುದು ಆತ್ಮದ ಮೌಲ್ಯವನ್ನು ಅಳೆಯುವ ಮಾತಲ್ಲ. ಒಬ್ಬನು ಹೆಚ್ಚಿನ ಅಪಾಯದವನೆಂದರೆ ಅವನು ದೇವರ ಸ್ವರೂಪವನ್ನು ಕಳೆದುಕೊಂಡವನೆಂದು ಅರ್ಥವಾಗದು. ಅವನ ಜೊತೆಯಲ್ಲಿ ನಡೆಯುವವರು ಇನ್ನಷ್ಟು ಎಚ್ಚರವಾಗಿಯೂ ಹತ್ತಿರವಾಗಿಯೂ ಇರಬೇಕೆಂದು ಅರ್ಥ.

ಅರಿಕೆಯು ಭದ್ರತೆಯ ಪ್ರಮಾಣವಲ್ಲ

ಪಾಲಕರನ್ನು ಹೆಚ್ಚಾಗಿ ಚಿಂತೆಗೆ ಹಚ್ಚಬೇಕಾದ ಸಂಶೋಧನೆಯೊಂದಿದೆ. ಕಾರ್ಲ್ ಹ್ಯಾನ್ಸನ್ ಮತ್ತು ಕೆಲ್ಲಿ ಮಾರ್ಟನ್-ಬೂರ್ಗಾನ್ 2005ರಲ್ಲಿ ಲೈಂಗಿಕ ಅಪರಾಧಿಗಳನ್ನು ಕುರಿತ 82 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ವಿಕೃತ ಲೈಂಗಿಕ ಆಸಕ್ತಿ ಮತ್ತು ಸಮಾಜವಿರೋಧಿ ಪ್ರವೃತ್ತಿಗಳು ಮರುಅಪರಾಧವನ್ನು ಮುಖ್ಯವಾಗಿ ಸೂಚಿಸಿದವು. ಅಪರಾಧವನ್ನು ಒಪ್ಪಿಕೊಂಡನೇ ನಿರಾಕರಿಸಿದನೇ, ಬಲಿಯಾದವರ ವಿಷಯದಲ್ಲಿ ಮರುಕವನ್ನು ತೋರಿದನೇ ಇಲ್ಲವೇ ಎಂಬುದಕ್ಕೆ ಮರುಅಪರಾಧದೊಡನೆ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ನಿರಾಕರಣೆಯ ಪರಿಣಾಮವು ಬೇರೆಬೇರೆ ಬಗೆಯ ಅಪರಾಧಿಗಳಲ್ಲಿ ಬೇರೆಬೇರೆಯಾಗಿರಬಹುದೆಂದು ನಂತರದ ಅಧ್ಯಯನಗಳು ಸೂಚಿಸಿವೆಯಾದರೂ, ಕಣ್ಣೀರನ್ನು ನೋಡಿ ಭವಿಷ್ಯವನ್ನು ಓದಲಾಗದು ಎಂಬ ಮುಖ್ಯ ಪಾಠವು ನಿಂತಿದೆ.

ಇದಕ್ಕೆ ಮತ್ತೊಂದು ಪಾಠವನ್ನು ಸೇರಿಸಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಮೀಲ್ 1954ರಲ್ಲಿಯೇ, ಪರಿಣತರು ಕೇವಲ ತಮ್ಮ ಅಂತರ್ದೃಷ್ಟಿಯಿಂದ ನುಡಿಯುವ ಭವಿಷ್ಯಕ್ಕಿಂತ, ತಿಳಿದ ಅಂಶಗಳನ್ನು ನಿಯಮಬದ್ಧವಾಗಿ ಲೆಕ್ಕಹಾಕುವ ವಿಧಾನವು ಸಾಮಾನ್ಯವಾಗಿ ಸಮಾನವೋ ಮೇಲೋ ಆಗಿರುತ್ತದೆಂದು ವಾದಿಸಿದ್ದರು. ಮುಂದೆ ಅಪರಾಧಿಗಳ ವಿಷಯದಲ್ಲಿಯೂ ಇದೇ ಕಂಡುಬಂತು. ತರಬೇತಿ ಹೊಂದಿದ ತಜ್ಞರ ಅಂತರ್ದೃಷ್ಟಿಯೇ ಹೀಗೆ ಎಡವುವುದಾದರೆ, ಒಂದು ಗಂಟೆಯ ಆಪ್ತ ಸಂಭಾಷಣೆಯಿಂದ ‘ಇವನ ಹೃದಯ ನನಗೆ ತಿಳಿಯಿತು’ ಎನ್ನುವ ಪಾಲಕರು ಇನ್ನೆಷ್ಟು ಎಚ್ಚರವಾಗಿರಬೇಕು! ಹೃದಯವನ್ನು ನೋಡುವವನು ಕರ್ತನೊಬ್ಬನೇ ಎಂದು ನಾವು ಬೋಧಿಸುತ್ತೇವೆ. ಆ ಬೋಧನೆಯು ಮೊದಲು ನಮ್ಮ ಆತ್ಮವಿಶ್ವಾಸವನ್ನೇ ತಗ್ಗಿಸಬೇಕು.

ಎರಡು ಬಗೆಯ ದುಃಖ

ಹಾಗಾದರೆ ಪಶ್ಚಾತ್ತಾಪಕ್ಕೆ ಯಾವ ಬೆಲೆಯೂ ಇಲ್ಲವೆ? ಜೂನ್ ಟ್ಯಾಂಗ್ನಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಬೆಳಕು ನೀಡುತ್ತದೆ. ಅಮೆರಿಕದ ಒಂದು ಕಾರಾಗೃಹದ 476 ಮಂದಿ ಬಂದಿಗಳಲ್ಲಿ ಅವರು ಎರಡು ಭಾವಗಳನ್ನು ಬೇರ್ಪಡಿಸಿ ಅಳೆದರು. ‘ನಾನು ಮಾಡಿದ ಕೆಲಸ ಕೆಟ್ಟದ್ದು’ ಎಂಬ ಅಪರಾಧಪ್ರಜ್ಞೆ ಒಂದು. ‘ನಾನೇ ಕೆಟ್ಟವನು’ ಎಂಬ ನಾಚಿಕೆ ಮತ್ತೊಂದು. ಬಿಡುಗಡೆಯಾದ ಮೇಲಿನ ವರ್ಷದಲ್ಲಿ, ಅಪರಾಧಪ್ರಜ್ಞೆಯುಳ್ಳವರು ಮತ್ತೆ ತಪ್ಪು ಮಾಡುವುದು ಕಡಿಮೆಯಾಗಿತ್ತು. ನಾಚಿಕೆಗೆ ಎರಡು ಮುಖಗಳಿದ್ದವು. ಅದು ಇತರರ ಮೇಲೆ ತಪ್ಪು ಹೊರಿಸುವ ಕಡೆಗೆ ತಿರುಗಿದಾಗ ಮರುಅಪರಾಧಕ್ಕೆ ದಾರಿಮಾಡಿತು. ಹಾಗೆ ತಿರುಗದಿದ್ದಾಗ ತಡೆಯಾಗಿ ವರ್ತಿಸಿತು.

ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಪೌಲನು ದೇವರ ಚಿತ್ತಾನುಸಾರವಾದ ದುಃಖವನ್ನೂ ಲೋಕದ ದುಃಖವನ್ನೂ ಬೇರ್ಪಡಿಸಿ, ಮೊದಲನೆಯದು ಜೀವಕ್ಕೂ ಎರಡನೆಯದು ಮರಣಕ್ಕೂ ನಡಿಸುತ್ತದೆಂದು ಹೇಳುವುದನ್ನು ಓದುಗರು ನೆನೆಯದಿರಲಾರರು. ಪೇತ್ರನೂ ದುಃಖಿಸಿದನು, ಯೂದನೂ ದುಃಖಿಸಿದನು. ಮತ್ತಾಯನು ಯೂದನ ವಿಷಯದಲ್ಲಿ ‘ಮೆತಾನೊಯಾ’ ಎಂಬ ಪದದ ಧಾತುವನ್ನು ಬಳಸದೆ, ಮರುಗುವಿಕೆಯನ್ನು ಸೂಚಿಸುವ ‘ಮೆತಮೆಲೊಮಾಯ್’ ಎಂಬ ಕ್ರಿಯಾಪದವನ್ನು ಬಳಸುತ್ತಾನೆ. ಅದೇ ಕ್ರಿಯಾಪದವು ಇಬ್ಬರು ಮಕ್ಕಳ ಸಾಮ್ಯದಲ್ಲಿ ಒಳ್ಳೆಯ ಅರ್ಥದಲ್ಲಿಯೂ ಬರುವುದರಿಂದ ಪದದ ಮೇಲೆಯೇ ಎಲ್ಲವನ್ನೂ ಕಟ್ಟಲಾಗದು. ಆದರೂ ಕಥೆಯು ಸ್ಪಷ್ಟವಾಗಿದೆ. ಯೂದನು ತನ್ನ ತಪ್ಪನ್ನು ಅರಿಕೆಮಾಡಿದಾಗ ಯಾಜಕರು ಅದು ತಮಗೆ ಸಂಬಂಧಿಸಿದ್ದಲ್ಲವೆಂದು ಕೈತೊಳೆದುಕೊಂಡರು. ಅವನು ಒಂಟಿಯಾಗಿ ಹೊರಟುಹೋದನು. ಪೇತ್ರನಾದರೋ ಸಹೋದರರ ನಡುವೆ ಉಳಿದನು, ಸಮುದ್ರತೀರದಲ್ಲಿ ಮೂರು ಸಾರಿ ಪ್ರಶ್ನಿಸಲ್ಪಟ್ಟನು ಮತ್ತು ಕೆಲಸಕ್ಕೆ ನೇಮಿಸಲ್ಪಟ್ಟನು. ದುಃಖವು ಯಾವ ಕಡೆಗೆ ತಿರುಗುವುದೆಂಬುದು ದುಃಖಿಸುವವನ ಸುತ್ತ ಯಾರಿದ್ದಾರೆ ಎಂಬುದನ್ನೂ ಅವಲಂಬಿಸಿದೆ.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಅಪರಾಧಜೀವನವನ್ನು ಬಿಟ್ಟವರನ್ನೂ ಬಿಡದವರನ್ನೂ ಸಂದರ್ಶಿಸಿ ಶಾಡ್ ಮರೂನಾ 2001ರಲ್ಲಿ ಪ್ರಕಟಿಸಿದ ಗ್ರಂಥವೂ ಇದನ್ನೇ ಬೇರೊಂದು ಬಗೆಯಲ್ಲಿ ತೋರಿಸುತ್ತದೆ. ಬಿಡದವರು ತಮ್ಮ ಬಾಳನ್ನು ಮೊದಲೇ ತೀರ್ಪಾದ ದಂಡನೆಯಂತೆ ಹೇಳಿಕೊಳ್ಳುತ್ತಿದ್ದರು. ಬಿಟ್ಟವರ ಕಥೆಯು ವಿಮೋಚನೆಯ ಕಥೆಯಾಗಿತ್ತು: ತಮ್ಮೊಳಗೆ ಒಳ್ಳೆಯದೊಂದು ಉಳಿದಿದೆ, ಯಾರೋ ಒಬ್ಬರು ತಮ್ಮನ್ನು ನಂಬಿದರು, ಈಗ ತಾವು ಇತರರಿಗೆ ಏನನ್ನಾದರೂ ಹಿಂದಿರುಗಿಸಬೇಕು ಎಂಬುದು ಅದರ ಸಾರ.

ಹ್ಯಾಮಿಲ್ಟನ್ನಿನ ವರ್ತುಲ

1994ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದ ಹ್ಯಾಮಿಲ್ಟನ್ ನಗರಕ್ಕೆ ಮಕ್ಕಳ ಮೇಲೆ ಮತ್ತೆಮತ್ತೆ ಅಪರಾಧವೆಸಗಿದ್ದ ಒಬ್ಬ ಮನುಷ್ಯನು ಬಿಡುಗಡೆಯಾಗಿ ಬರಲಿದ್ದನು. ಶಿಕ್ಷೆಯ ಕೊನೆಯ ದಿನದ ತನಕ ಅವನನ್ನು ಸೆರೆಯಲ್ಲಿಟ್ಟಿದ್ದರಿಂದ, ಹೊರಬಂದ ಮೇಲೆ ಅವನ ಮೇಲ್ವಿಚಾರಣೆಗೆ ಪೆರೋಲ್ ಅಧಿಕಾರಿಯೇ ಇರಲಿಲ್ಲ. ಜನರು ಪ್ರತಿಭಟಿಸಿದರು, ಪೊಲೀಸರು ಕಾವಲಿಟ್ಟರು. ಅವನನ್ನು ಹಿಂದೆಯೇ ಬಲ್ಲ ಮೆನೊನೈಟ್ ಪಾಲಕ ಹ್ಯಾರಿ ನೈ ಅವರು, ಸೆರೆಮನೆಯ ಮನಶ್ಶಾಸ್ತ್ರಜ್ಞರ ಕೋರಿಕೆಗೆ ಒಪ್ಪಿ, ತಮ್ಮ ಚಿಕ್ಕ ಸಭೆಯ ಕೆಲವರನ್ನು ಅವನ ಸುತ್ತ ಕೂಡಿಸಿದರು. ಅವರು ಅವನೊಡನೆ ಪ್ರತಿದಿನವೂ ಮಾತಾಡಿದರು, ಮನೆ ಹುಡುಕಿಕೊಟ್ಟರು, ಅಂಗಡಿಗೆ ಜೊತೆಯಲ್ಲಿ ಹೋದರು. ಮಕ್ಕಳು ಇರುವ ಕಡೆ ಅವನು ಸುಳಿದಾಡಿದನೆಂದು ತಿಳಿದಾಗ ಮುಖಕ್ಕೆ ಮುಖವಿಟ್ಟು ಪ್ರಶ್ನಿಸುವುದೂ ಅವರ ಕೆಲಸವಾಗಿತ್ತು. ಆ ಮನುಷ್ಯನು ಸಾಯುವ ತನಕ ಮತ್ತೆ ಅಂಥ ಅಪರಾಧದಲ್ಲಿ ಸಿಕ್ಕಲಿಲ್ಲ.

ಇದರಿಂದ ಹುಟ್ಟಿದ್ದೇ ‘ಬೆಂಬಲ ಮತ್ತು ಹೊಣೆಗಾರಿಕೆಯ ವರ್ತುಲಗಳು’ ಎಂಬ ಕ್ರಮ. ತರಬೇತಿ ಹೊಂದಿದ ನಾಲ್ಕಾರು ಸ್ವಯಂಸೇವಕರು ಒಳವರ್ತುಲವಾಗುತ್ತಾರೆ. ಮನಶ್ಶಾಸ್ತ್ರಜ್ಞರು, ಪೊಲೀಸರು, ಅಧಿಕಾರಿಗಳು ಹೊರವರ್ತುಲವಾಗಿ ಅವರಿಗೆ ಸಲಹೆ ಕೊಡುತ್ತಾರೆ. ನಡುವೆ ಇರುವ ಸದಸ್ಯನು ಲಿಖಿತ ಒಡಂಬಡಿಕೆಗೆ ಸಹಿಹಾಕುತ್ತಾನೆ. ಮತ್ತೊಬ್ಬರು ಬಲಿಯಾಗಬಾರದು, ಗುಟ್ಟುಗಳಿರಬಾರದು ಎಂಬುವೇ ಅದರ ಎರಡು ಆಧಾರಗಳು. 2002ರಲ್ಲಿ ಕ್ವೇಕರರ ಪ್ರಯತ್ನದಿಂದ ಈ ಕ್ರಮವು ಇಂಗ್ಲೆಂಡಿನಲ್ಲಿಯೂ ಆರಂಭವಾಯಿತು.

ಫಲಿತಾಂಶವನ್ನು ಅಳೆದವರೂ ಉಂಟು. 2009ರಲ್ಲಿ ಕೆನಡಾದ ರಾಬಿನ್ ವಿಲ್ಸನ್ ಮತ್ತು ಸಂಗಡಿಗರು ವರ್ತುಲದಲ್ಲಿದ್ದ 44 ಮಂದಿಯನ್ನು ವರ್ತುಲವಿಲ್ಲದ 44 ಮಂದಿಯೊಡನೆ ಹೋಲಿಸಿದಾಗ, ಮೊದಲನೆಯವರಲ್ಲಿ ಲೈಂಗಿಕ ಮರುಅಪರಾಧವು ಶೇಕಡಾ 83ರಷ್ಟು ಕಡಿಮೆಯಿತ್ತು. ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಗ್ರಾಂಟ್ ಡುವಿ 100 ಮಂದಿಯನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ಹಂಚಿ ನಡೆಸಿದ ಪರೀಕ್ಷೆಯ ಫಲಿತಾಂಶವು 2018ರಲ್ಲಿ ಪ್ರಕಟವಾಯಿತು. ಹೊಸ ಲೈಂಗಿಕ ಅಪರಾಧಕ್ಕಾಗಿ ಮರುಬಂಧನದ ಸಂಭವವು ಶೇಕಡಾ 88ರಷ್ಟು ತಗ್ಗಿತ್ತು. ಗುಂಪುಗಳು ಚಿಕ್ಕವು, ಬೆಳಕಿಗೆ ಬಾರದ ಅಪರಾಧಗಳು ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ಆದ್ದರಿಂದ ಈ ಅಂಕಿಗಳನ್ನು ಜಯಘೋಷವಾಗಿ ಅಲ್ಲ, ಗಂಭೀರವಾದ ಸಾಕ್ಷಿಯಾಗಿ ತೆಗೆದುಕೊಳ್ಳಬೇಕು.

ಕ್ಷಮೆ ಮತ್ತು ನಂಬಿಕೆ ಒಂದೇ ಅಲ್ಲ

ಈ ಸಾಕ್ಷಿಯು ನಮ್ಮ ಪಶ್ಚಾತ್ತಾಪದ ಬೋಧನೆಯನ್ನು ತಿದ್ದುವುದಿಲ್ಲ. ನಾವು ಮರೆತಿದ್ದ ಅದರ ಅರ್ಧಭಾಗವನ್ನು ನೆನಪಿಸುತ್ತದೆ. ಸ್ನಾನಿಕನಾದ ಯೋಹಾನನು ತನ್ನ ಬಳಿಗೆ ಬಂದವರಿಂದ ಕೇಳಿದ್ದು ಪಶ್ಚಾತ್ತಾಪಕ್ಕೆ ತಕ್ಕ ಫಲವನ್ನು. ಫಲಕ್ಕೆ ಕಾಲ ಬೇಕು, ನೋಡುವವರೂ ಬೇಕು. ಜಕ್ಕಾಯನು ಎಲ್ಲರ ಮುಂದೆ ಮೊತ್ತವನ್ನು ಹೇಳಿ ಮಾತುಕೊಟ್ಟನು. ಅವನಿಂದ ನಷ್ಟಹೊಂದಿದವರು ಅವನ ಮನೆಯ ಬಾಗಿಲಿಗೆ ಬಂದು ಅದನ್ನು ಕೇಳಬಹುದಾಗಿತ್ತು.

ಕ್ಷಮೆಯು ಕೃಪೆಯ ದಾನ, ಅದನ್ನು ಗಳಿಸಲಾಗದು. ಮಕ್ಕಳ ನಡುವೆ ನಂಬಿ ಬಿಡುವುದು ಕ್ಷಮೆಯ ಭಾಗವಲ್ಲ. ಭಾನುವಾರ ಶಾಲೆಯ ಬೋಧಕತ್ವವನ್ನು ಅವನಿಗೆ ಎಂದೆಂದಿಗೂ ಕೊಡದಿರುವುದು ಕ್ಷಮೆಯನ್ನು ನಿರಾಕರಿಸಿದಂತಾಗದು. ಅದು ಅವನ ಬಲಹೀನತೆಯನ್ನು ಸಭೆಯು ಅವನೊಡನೆ ಹೊತ್ತಂತೆ. ಬಲಿಯಾದವರ ಪರವಾಗಿ ಕ್ಷಮಿಸುವ ಅಧಿಕಾರವು ಸಭೆಗೆ ಇಲ್ಲ. ‘ನೀನೂ ಕ್ಷಮಿಸು’ ಎಂದು ಅವರ ಮೇಲೆ ಒತ್ತಾಯ ತರುವ ಹಕ್ಕು ಪಾಲಕರಿಗೆ ಇನ್ನೂ ಇಲ್ಲ. ಅಪರಾಧಿಯೂ ಬಲಿಯಾದವರೂ ಒಂದೇ ಸಭೆಯವರಾಗಿದ್ದರೆ, ಆರಾಧನೆಗೆ ಬೇರೆ ಸ್ಥಳವನ್ನು ಹುಡುಕಬೇಕಾದವನು ಅಪರಾಧಿಯೇ ಹೊರತು ಬಲಿಯಾದವರಲ್ಲ.

ನಮ್ಮ ಸಭೆಗಳಲ್ಲಿ

ನಮ್ಮ ದೇಶದ ಸೆರೆಮನೆಗಳಲ್ಲಿ ಹೆಚ್ಚಿನವರು ವಿಚಾರಣಾಧೀನ ಬಂದಿಗಳು; ಅವರ ತಪ್ಪು ಇನ್ನೂ ಸ್ಥಾಪಿತವಾಗಿಲ್ಲ. ಅವರನ್ನು ಭೇಟಿಮಾಡುವ ಸೇವಕರು ಅರಿಕೆಗಾಗಿ ಅವಸರಪಡಿಸಬಾರದು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ನಡೆಸಿ 2011ರಲ್ಲಿ ವರದಿಮಾಡಿದ ದೊಡ್ಡ ಅಧ್ಯಯನವು, ಬಂದಿಗಳಲ್ಲಿ ಮಾನಸಿಕ ಕಾಯಿಲೆ ಮತ್ತು ವ್ಯಸನಗಳು ಎಷ್ಟು ವ್ಯಾಪಕವಾಗಿವೆಯೆಂಬುದನ್ನು ತೋರಿಸಿತು. ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೆ ದಾರಿತೋರಿಸುವುದೂ ಸೆರೆಮನೆ ಸೇವೆಯ ಭಾಗವೇ ಆಗಿದೆ.

ಮತ್ತೊಂದು ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯಿದೆಯ 19ನೆಯ ಸೆಕ್ಷನ್ನಿನ ಪ್ರಕಾರ, ಇಂಥ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷಾರ್ಹ. ಸಭೆಯ ಗೌರವವನ್ನು ಕಾಪಾಡಲು ವಿಷಯವನ್ನು ಒಳಗೊಳಗೇ ಮುಗಿಸುವ ಪದ್ಧತಿಯು ಕಾನೂನಿಗೂ ವಿರುದ್ಧ, ಸುವಾರ್ತೆಗೂ ವಿರುದ್ಧ. ಗುಟ್ಟುಗಳಿರಬಾರದು ಎಂಬ ಹ್ಯಾಮಿಲ್ಟನ್ನಿನ ನಿಯಮವು ಮೊದಲು ಸಭಾ ಸಮಿತಿಗೇ ಅನ್ವಯಿಸುತ್ತದೆ.

ಈಗ, ಭಾನುವಾರ ಬಾಗಿಲಲ್ಲಿ ನಿಂತ ಆ ಮನುಷ್ಯನ ಕಡೆಗೆ ತಿರುಗೋಣ. ಪಾಲಕರು ಅವನಿಗೆ ಹೀಗೆ ಹೇಳಬಹುದು: “ನಿಮ್ಮ ಕಣ್ಣೀರನ್ನು ನಾನು ತೀರ್ಪುಮಾಡುವುದಿಲ್ಲ. ಈ ಸಭೆಯ ನಾಲ್ಕು ಮಂದಿ ನಿಮ್ಮೊಡನೆ ವಾರವಾರವೂ ಕುಳಿತುಕೊಳ್ಳುವರು, ಆರಾಧನೆಯಲ್ಲಿ ಒಬ್ಬರು ನಿಮ್ಮ ಪಕ್ಕದಲ್ಲಿರುವರು. ನಿಮ್ಮ ವಿಷಯವು ಅವರಿಗೂ ಸಭಾ ಸಮಿತಿಗೂ ತಿಳಿದಿರುವುದು. ಮಕ್ಕಳಿರುವಲ್ಲಿ ನೀವು ಒಬ್ಬರೇ ಇರಬಾರದು. ಇದಕ್ಕೆ ನೀವು ಒಪ್ಪುವಿರಾ?” ಒಪ್ಪಿದರೆ ಫಲವನ್ನು ಕಾಯುವ ಕೆಲಸವು ಆರಂಭವಾಗುತ್ತದೆ. ಒಪ್ಪದಿದ್ದರೆ, ಅವನ ಕಣ್ಣೀರು ಹೇಳಲಾರದಿದ್ದ ಸಂಗತಿಯನ್ನು ಆ ಉತ್ತರವೇ ಹೇಳುತ್ತದೆ.